ಜರ್ಮನಿಯಲ್ಲಿ ಬಾಡಿಗೆ: ಹಂಚಿಕೊಂಡ ಮನೆಯೋ, ಪ್ರತ್ಯೇಕ ಮನೆಯೋ?

ಜರ್ಮನಿಗೆ ಹೊಸದಾಗಿ ಬರುವ ನಮ್ಮವರು ಮೊದಲು ಕೇಳುವುದು ಬಾಡಿಗೆ ಎಷ್ಟು ಎಂದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಕರಾರು ಯಾರ ಹೆಸರಿನಲ್ಲಿದೆ?

ಕೋಣೆ ನಿಮ್ಮದು, ಅಡುಗೆಮನೆ ಮತ್ತು ಬಚ್ಚಲು ಎಲ್ಲರದು. ಇಂಥ ಮನೆಗೆ ಇಲ್ಲಿ 'ವೇಗೇ' ಎನ್ನುತ್ತಾರೆ. ವಿದ್ಯಾರ್ಥಿಗಳಷ್ಟೇ ಅಲ್ಲ, ಕೆಲಸದಲ್ಲಿರುವವರೂ ಹೀಗೆ ಇರುತ್ತಾರೆ. ಹೊರಗಿನಿಂದ ನೋಡಿದರೆ ಎಲ್ಲ ವೇಗೇಗಳೂ ಒಂದೇ, ಕಾನೂನಿನ ಕಣ್ಣಿಗೆ ಹಾಗಲ್ಲ. ಕೆಲವೆಡೆ ಮಾಲೀಕರು ಪ್ರತಿಯೊಬ್ಬರಿಗೂ ಬೇರೆ ಬೇರೆ ಕರಾರು ಕೊಡುತ್ತಾರೆ. ಹೊಸಬರಿಗೆ ಇದೇ ಕ್ಷೇಮ. ಇನ್ನು ಕೆಲವೆಡೆ ಎಲ್ಲರೂ ಒಂದೇ ಕರಾರಿಗೆ ಸಹಿ ಹಾಕಿರುತ್ತಾರೆ. ಆಗ ಒಬ್ಬರು ಬಾಡಿಗೆ ಕೊಡದಿದ್ದರೆ ಮಾಲೀಕರು ಪೂರ್ತಿ ಮೊತ್ತವನ್ನು ನಿಮ್ಮೊಬ್ಬರಿಂದಲೇ ಕೇಳಬಹುದು. ಮನೆ ಬಿಡುವ ನೋಟಿಸಿಗೂ ಎಲ್ಲರ ಸಹಿ ಬೇಕು. ಮೂರನೆಯದು ಒಳಬಾಡಿಗೆ: ಮನೆ ಹಿಡಿದ ಒಬ್ಬರು ತಮ್ಮ ಒಂದು ಕೋಣೆಯನ್ನು ನಿಮಗೆ ಕೊಡುತ್ತಾರೆ. ಅವರ ಕರಾರು ಮುಗಿದರೆ ನೀವೂ ಹೊರಡಬೇಕಾಗುತ್ತದೆ. ಹಾಗಾಗಿ ಮಾಲೀಕರು ಒಪ್ಪಿಗೆ ಕೊಟ್ಟ ಪತ್ರವನ್ನು ಸಂಕೋಚಪಡದೆ ಕೇಳಿ ನೋಡಿ.

ಒಳಬಾಡಿಗೆಯಲ್ಲಿ ಇನ್ನೊಂದು ತೊಡಕಿದೆ. ಮನೆಗೆ ಬಂದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಇದೇ 'ಆನ್‌ಮೆಲ್ಡುಂಗ್'. ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ದೃಢೀಕರಣ ಪತ್ರ ಬೇಕು. ನೋಂದಣಿಯಾದ ಮೇಲೆಯೇ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುವುದು. ಬಾಡಿಗೆ ಕಡಿಮೆ ಎಂದು ನಾನು ಹಿಡಿದ ಮೊದಲ ಕೋಣೆಯಲ್ಲಿ ಆ ಪತ್ರ ಕೊಡಲು ಒಪ್ಪಲಿಲ್ಲ. ಮುಂಗಡ ಕೊಟ್ಟಾಗಿತ್ತು, ಚಳಿಗಾಲ ಬೇರೆ. ಮತ್ತೆ ಮನೆ ಹುಡುಕಿದ ಆ ವಾರಗಳು ಯಾರಿಗೂ ಬೇಡ. "ಆನ್‌ಮೆಲ್ಡುಂಗ್ ಆಗುವುದಿಲ್ಲ" ಎನ್ನುವ ಕೋಣೆ ಎಷ್ಟೇ ಅಗ್ಗವಾಗಿದ್ದರೂ ಬಿಟ್ಟುಬಿಡಿ. ಮನೆ ತೋರಿಸುವ ಮೊದಲೇ ಹಣ ಕೇಳುವವರನ್ನಂತೂ ನಂಬಲೇಬೇಡಿ.

ಪ್ರತ್ಯೇಕ ಮನೆ ಸಿಗುವುದು ಕಷ್ಟ, ಸಿಕ್ಕರೆ ನೆಮ್ಮದಿ. ಮಾಲೀಕರು ಸಾಮಾನ್ಯವಾಗಿ ಮೂರು ತಿಂಗಳ ಸಂಬಳದ ಚೀಟಿ ಮತ್ತು ಸಾಲ ಮರುಪಾವತಿಯ ಇತಿಹಾಸ ತೋರಿಸುವ 'ಶುಫಾ' ವರದಿ ಕೇಳುತ್ತಾರೆ. ಹೊಸದಾಗಿ ಬಂದವರಿಗೆ ಆ ಇತಿಹಾಸವೇ ಇರುವುದಿಲ್ಲ. ಮೊದಲ ವರ್ಷ ವೇಗೇಯಲ್ಲಿ ಕಳೆಯಿರಿ ಎಂದು ನಾನು ಹೇಳುವುದು ಇದಕ್ಕಾಗಿಯೇ. ಜಾಹೀರಾತಿನಲ್ಲಿ 'ಕಾಲ್ಟ್‌ಮೀಟೆ' ಎಂದಿದ್ದರೆ ಅದು ಬರಿಯ ಬಾಡಿಗೆ. ನೀರು, ಕಸ ವಿಲೇವಾರಿಯಂಥ ಖರ್ಚುಗಳನ್ನೂ, ಹೆಚ್ಚಿನ ಕಡೆ ಮನೆ ಬಿಸಿ ಮಾಡುವ ಖರ್ಚನ್ನೂ ಸೇರಿಸಿದರೆ 'ವಾರ್ಮ್‌ಮೀಟೆ'. ವಿದ್ಯುತ್ ಬಿಲ್ ಸಾಮಾನ್ಯವಾಗಿ ಇದರಲ್ಲಿ ಇರುವುದಿಲ್ಲ. ಮುಂಗಡ ಮೂರು ತಿಂಗಳ ಕಾಲ್ಟ್‌ಮೀಟೆಯನ್ನು ಮೀರುವಂತಿಲ್ಲ, ಅದನ್ನೂ ಮೂರು ಕಂತುಗಳಲ್ಲಿ ಕಟ್ಟುವ ಹಕ್ಕು ನಿಮಗಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ಇದು ದೊಡ್ಡ ಸಮಾಧಾನ. ಆದರೆ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಎಂದರೆ ನಾಲ್ಕು ಗೋಡೆ ಮತ್ತು ನೀರಿನ ಕೊಳವೆ ಮಾತ್ರ. ಒಲೆ, ಸಿಂಕ್, ಕಪಾಟುಗಳನ್ನು ನೀವೇ ಕೊಂಡು ಜೋಡಿಸಬೇಕು. ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಸಾರ್ವಜನಿಕ ಟಿವಿ, ರೇಡಿಯೊಗಾಗಿ ಕಟ್ಟುವ ಪ್ರಸಾರ ಶುಲ್ಕ ತಿಂಗಳಿಗೆ 18.36 ಯೂರೋ, ಅದು ತಲೆಗಲ್ಲ, ಮನೆಗೆ. ವೇಗೇಯಲ್ಲಿ ಹಂಚಿಕೊಳ್ಳಬಹುದು, ಒಬ್ಬರೇ ಇದ್ದರೆ ಪೂರ್ತಿ ನಿಮ್ಮದೇ.

ಸ್ವಂತ ಮನೆ ಕೊಳ್ಳುವ ಮಾತಿಗೆ ಅವಸರ ಬೇಡ. ಈ ದೇಶದ ಅರ್ಧಕ್ಕಿಂತ ಹೆಚ್ಚು ಜನ ಬಾಡಿಗೆ ಮನೆಯಲ್ಲೇ ಇದ್ದಾರೆ. ಕೊಳ್ಳುವಾಗ ತೆರಿಗೆಯೇ ಬವೇರಿಯಾದಲ್ಲಿ ಶೇ. 3.5, ನಾರ್ತ್ ರೈನ್-ವೆಸ್ಟ್‌ಫಾಲಿಯಾದಲ್ಲಿ ಶೇ. 6.5, ನೋಟರಿಯ ಖರ್ಚು ಬೇರೆ.

ವೇಗೇಯ ದಿನಚರಿಯಲ್ಲಿ ಎರಡು ವಿಷಯ ಜಗಳ ತರುತ್ತವೆ: ಶುಚಿಗೊಳಿಸುವ ಸರದಿ ಮತ್ತು ಒಗ್ಗರಣೆಯ ಘಾಟು. ಮನೆ ನೋಡಲು ಹೋದ ದಿನವೇ ಎರಡನ್ನೂ ಬಾಯಿಬಿಟ್ಟು ಮಾತನಾಡಿ. ಮುಚ್ಚಿಟ್ಟು ಸೇರಿದರೆ ಮುಂದೆ ಅಡುಗೆ ಮಾಡಲೂ ಹೆದರಬೇಕಾಗುತ್ತದೆ, ಹಾಗೆ ಬದುಕಬಾರದು.

ಮದುವೆಯಾದವರು ಸಂಸಾರ ಕರೆತರುವ ಹಲವು ತಿಂಗಳ ಮೊದಲೇ ಪ್ರತ್ಯೇಕ ಮನೆ ಹುಡುಕಲು ಶುರು ಮಾಡಲಿ. ಹೊಸ ಕರಾರು ಕೈಗೆ ಬಂದ ಮೇಲಷ್ಟೇ ಹಳೆಯದಕ್ಕೆ ನೋಟಿಸ್ ಕೊಡಿ. ಸಾಮಾನ್ಯ ಅವಧಿ ಮೂರು ತಿಂಗಳು. ಪತ್ರ ತಿಂಗಳ ಮೂರನೆಯ ಕೆಲಸದ ದಿನದೊಳಗೆ ತಲುಪಿದರೆ ಆ ತಿಂಗಳೂ ಲೆಕ್ಕಕ್ಕೆ ಸೇರುತ್ತದೆ. ಇಮೇಲ್ ಸಾಲದು, ಕಾಗದದ ಮೇಲೆ ನಿಮ್ಮ ಸಹಿಯೇ ಇರಬೇಕು.