ಕೌದಿಗೆ ಹೊಸ ಬಟ್ಟೆ ತರಬೇಡಿ

ಈಚೆಗೆ ಹುಬ್ಬಳ್ಳಿ-ಧಾರವಾಡದ ಹೊಸ ಮನೆಗಳಿಗೆ ಹೋದಾಗಲೆಲ್ಲ ನನಗೆ ಕಾಣುವುದು ಒಂದೇ ನೋಟ. ಗೋಡೆ ಬೂದು, ಪರದೆ ಬೂದು, ಸೋಫಾ ಬೂದು, ಅದರ ಮೇಲಿನ ದಿಂಬೂ ಬೂದು. ಆ ಬೂದಿಯ ನಡುವೆ ಅಜ್ಜಿಯ ಇಳಕಲ್ ಸೀರೆಯನ್ನು ಕತ್ತರಿಸಿ ಹೊಲಿಸಿದ ಎರಡು ಕುಶನ್ ಕವರುಗಳು. ಸೆರಗು ಕವರಾಯಿತು, ಒಡಲು ಎಲ್ಲಿ ಹೋಯಿತೆಂದು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ಇನ್ನೊಂದು ಮನೆಯಲ್ಲಿ ಕೌದಿಯನ್ನು, ಎಂದರೆ ಹಳೆಯ ಬಟ್ಟೆಯ ಪದರಗಳ ಮೇಲೆ ತುಂಡುಗಳನ್ನು ಹಚ್ಚಿ ಕೈಯಿಂದ ಹೊಲಿದ ಹಾಸಿಗೆಯನ್ನು, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದಾರೆ, ಮಂಚದ ಮೇಲೆ ಮಾತ್ರ ಕೌದಿಯ ತುಂಡುಗಳ ಚಿತ್ರ ಅಚ್ಚಾದ ಪಾಲಿಯೆಸ್ಟರ್ ಚಾದರ ಹಾಸಿದ್ದಾರೆ. ನಾಲ್ಕು ಮೊಳೆಗಳ ಮೇಲೆ ಅಷ್ಟು ಭಾರ ಬಿದ್ದರೆ ಹಳೆಯ ಬಟ್ಟೆ ಮೂಲೆಯಿಂದ ಹರಿಯುತ್ತಾ ಬರುತ್ತದೆಂದು ಅವರಿಗೆ ಯಾರೂ ಹೇಳಿಲ್ಲ. ಹಾಗಾದರೆ ನಾನೇ ಹೇಳುತ್ತೇನೆ.

ಎಲ್ಲ ಕೆಡುವುದು ಮ್ಯಾಚಿಂಗ್ ಎಂಬ ಹಟದಿಂದ. ಸೀರೆಯ ತುದಿಯಲ್ಲಿ ಬಂದ ತುಂಡಿನಿಂದಲೇ ಕುಬಸ, ಕುಬಸದ ಬಣ್ಣದ್ದೇ ಬಳೆ, ಪರದೆಯ ಬಣ್ಣದ್ದೇ ಚಾದರ. ನಮ್ಮ ಭಾಗದ ಹೆಂಗಸರು ತಲೆಮಾರುಗಳಿಂದ ಉಟ್ಟ ಬಗೆಯನ್ನು ಒಮ್ಮೆ ನಿಂತು ನೋಡಿ. ಒಡಲು ಹಸಿರು ಇಲ್ಲವೇ ದಾಳಿಂಬೆ ಬಣ್ಣ, ಸೆರಗು ಕೆಂಪು-ಬಿಳಿ, ಅದರಲ್ಲಿ ಹಣಿಗೆ, ಕೋಟೆಯ ತೆನೆ, ಜೋಳದ ತೆನೆಯ ಚಿತ್ತಾರ, ದಡಿಯಲ್ಲಿ ಗೋಮಿಯೋ ಪರಾಸಪೇಟಿಯೋ ಎಂಬ ಚಿತ್ತಾರ, ಮೈಮೇಲೆ ಸೀರೆಯ ಯಾವ ಬಣ್ಣಕ್ಕೂ ಸೇರದ ಗುಳೇದಗುಡ್ಡದಲ್ಲಿ ನೇಯ್ದ ಖಣ ಬಟ್ಟೆಯ ಕುಬಸ. ಒಂದಕ್ಕೊಂದು ಸೇರದ ಆ ಬಣ್ಣಗಳು ಮೈಮೇಲೆ ಬಂದಾಗ ಎಷ್ಟು ಗಂಭೀರವಾಗಿ ಕೂಡಿಕೊಳ್ಳುತ್ತವೆಂದರೆ, ನಾನು ಚಿಕ್ಕವಳಿದ್ದಾಗ ಚಂದವೆನಿಸಿದ್ದ ಆ ಉಡುಗೆ ಇಂದಿಗೂ ಹಳೆಯದಾಗಿ ಕಾಣುವುದಿಲ್ಲ. ಆಗ ಬಂದಿದ್ದ ನೈಲಾನ್ ಸೀರೆಗಳನ್ನು ಇಂದು ಯಾರೂ ಕೇಳುವುದಿಲ್ಲ. ಮನೆಯ ವಿಷಯದಲ್ಲಿಯೂ ಹೀಗೆಯೇ. ಉಡುವ ಬಟ್ಟೆಯನ್ನೂ ಹಾಸುವ ಬಟ್ಟೆಯನ್ನೂ ಒಂದೇ ಕಣ್ಣಿನಿಂದ ನೋಡಲು ಕಲಿಯಬೇಕಾದರೆ ಒಂದು ಕೌದಿಯನ್ನು ನೀವೇ ಹೊಲಿಯಬೇಕು, ಏಕೆಂದರೆ ಉಟ್ಟು ಸವೆಸಿದ ಸೀರೆಯೇ ಅಲ್ಲಿ ಹಾಸಿಗೆಯಾಗುತ್ತದೆ.

ಮೊದಲು ಯಾವ ಸೀರೆಗೆ ಕತ್ತರಿ ಹಾಕಬಹುದು ಎಂಬುದು ತಿಳಿದಿರಲಿ. ಇಳಕಲ್ ಸೀರೆಯ ಸೆರಗಿನ ಹಾಸನ್ನು, ಎಂದರೆ ಉದ್ದದ ಎಳೆಗಳನ್ನು, ಬೇರೆಯಾಗಿ ಮಾಡಿ, ಒಡಲಿನ ಒಂದೊಂದು ಎಳೆಗೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಟೋಪ ತೆನಿ ಸೆರಗು ಎನ್ನುವುದು ಇದಕ್ಕೇ. ಅಷ್ಟು ಕೈಕೆಲಸವಿರುವ, ಇನ್ನೂ ಉಡಲು ಬರುವ ಸೀರೆಯನ್ನು ದಿಂಬಿನ ಕವರಿಗಾಗಿ ಕತ್ತರಿಸುವುದು ತಪ್ಪು, ಇದರಲ್ಲಿ ನನ್ನದು ಎರಡು ಮಾತಿಲ್ಲ. ಸೀರೆಯನ್ನು ಬೆಳಕಿಗೆ ಹಿಡಿಯಿರಿ. ಮಡಿಕೆಯ ಗೆರೆಗಳಲ್ಲಿ ನೂಲು ಬಿಟ್ಟುಕೊಂಡು ಬೆಳಕು ತೂರಿ ಬರುತ್ತಿದ್ದರೆ, ಎರಡು ಹೆಬ್ಬೆರಳುಗಳ ನಡುವೆ ಮೆಲ್ಲಗೆ ಎಳೆದಾಗ ಪರ್ರನೆ ಬಿಟ್ಟರೆ, ಅದು ಉಡುವ ಕಾಲ ಮುಗಿಸಿದೆ. ಆಗಲೂ ಮಡಿಕೆಯ ಗೆರೆಯ ಮೇಲೆ ಕತ್ತರಿಸಿ, ಆ ಸವೆದ ಪಟ್ಟಿಯನ್ನು ಬಿಟ್ಟು, ನಡುವಿನ ಗಟ್ಟಿ ಭಾಗವನ್ನು ತೆಗೆದುಕೊಳ್ಳಿ. ದಡಿಯನ್ನು ಬೇರೆಯಾಗಿ ಬಿಚ್ಚಿ ಸುತ್ತಿಡಿ, ಅಂಚಿಗೆ ಬೇಕಾಗುತ್ತದೆ.

ಒಳಪದರಕ್ಕೆ ಹಳೆಯ ಧೋತರ, ಪಂಚೆ, ಮೆತ್ತಗಾದ ಹತ್ತಿಯ ಚಾದರ ಯಾವುದಾದರೂ ನಡೆಯುತ್ತದೆ. ಖಾದಿ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಧಾರವಾಡದ ಹತ್ತಿರ ಗರಗದಲ್ಲಿ ರಾಷ್ಟ್ರಧ್ವಜದ ಖಾದಿ ನೇಯುತ್ತಾರೆ, 1957ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ಬೆಂಗೇರಿಯಲ್ಲಿ ಧ್ವಜ ಹೊಲಿಯುತ್ತಾರೆ. ಹೀಗಾಗಿ ಈ ಭಾಗದ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಒಂದಾದರೂ ಖಾದಿ ಧೋತರ ಸಿಗದಿರದು. ಕೈನೂಲಿನ ಬಟ್ಟೆ ಒಗೆದಷ್ಟೂ ಮೃದುವಾಗುತ್ತದೆ, ಬೆವರನ್ನೂ ಹೀರುತ್ತದೆ. ಒಂದೇ ಒಂದು ತುಂಡೂ ಹೊಸದಿರಬಾರದು. ಬಣ್ಣ ಸಾಲದೆಂದು ಅಂಗಡಿಗೆ ಓಡಿ ಅರ್ಧ ಮೀಟರ್ ಹೊಸ ಬಟ್ಟೆ ತರುವವರನ್ನು ನಾನು ಎಷ್ಟೋ ಸಲ ತಡೆದಿದ್ದೇನೆ. ಹಳೆಯ ಬಟ್ಟೆ ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ, ಹೊಸದು ಮೊದಲ ಒಗೆತಕ್ಕೇ ಕುಗ್ಗಿ ಸುತ್ತಲಿನ ಎಲ್ಲವನ್ನೂ ಸುಕ್ಕುಗಟ್ಟಿಸುತ್ತದೆ. ಪಾಲಿಯೆಸ್ಟರಂತೂ ಬೇಡವೇ ಬೇಡ. ಕೆಂಪು ಸೆರಗಿನ ತುಂಡು ಹಾಕುವುದಿದ್ದರೆ ಅದರ ಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ಬಣ್ಣ ಹತ್ತಿದರೆ, ಬಿಡುವುದು ನಿಲ್ಲುವವರೆಗೆ ತಣ್ಣೀರಿನಲ್ಲಿ ಮತ್ತೆ ಮತ್ತೆ ಅದ್ದಿ ತೆಗೆಯಿರಿ.

ಇನ್ನು ನಾನು ಯಾರ ಮಾತಿಗೂ ಬಿಟ್ಟುಕೊಡದ ಒಂದು ಕ್ರಮವಿದೆ, ಅದು ಒದ್ದೆ ಹಾಸು. ಈಗಿನವರು ಒಣ ಬಟ್ಟೆಗಳನ್ನು ಒಂದರ ಮೇಲೊಂದು ಎಸೆದು, ನಾಲ್ಕು ಪಿನ್ನು ಚುಚ್ಚಿ, ನೇರವಾಗಿ ಹೊಲಿಯಲು ಕೂತುಬಿಡುತ್ತಾರೆ. ಅರ್ಧ ಮುಗಿಯುವಷ್ಟರಲ್ಲಿ ಒಳಗಿನ ಪದರ ಒಂದೆಡೆ ಗಂಟಾಗಿ ನಿಂತಿರುತ್ತದೆ, ನಡುವೆ ಹೊಟ್ಟೆ ಬಂದಿರುತ್ತದೆ, ಆಮೇಲೆ ಹೊಲಿಗೆ ಬಿಚ್ಚುವುದರಲ್ಲಿಯೇ ಉತ್ಸಾಹ ಮುಗಿದು ಕೌದಿ ಅಟ್ಟಕ್ಕೆ ಹೋಗುತ್ತದೆ. ನಮ್ಮ ಅತ್ತೆಯವರು ಬೇಸಿಗೆಯಲ್ಲಲ್ಲದೆ ಕೌದಿ ಹಾಸುತ್ತಿರಲಿಲ್ಲ. ಧಾರವಾಡದ ಶ್ರಾವಣದ ಜಿಟಿಜಿಟಿಯಲ್ಲಿ ಒದ್ದೆ ಬಟ್ಟೆ ಒಣಗದೆ ಮುಗ್ಗಲು ಹಿಡಿಯುತ್ತದೆ ಎಂಬುದು ಅವರ ಕಾರಣ, ಅದು ಸರಿಯಾದ ಕಾರಣ. ಸಂಜೆ ಪಡಸಾಲೆಯನ್ನು ಒರೆಸಿ ಒಣಗಿಸಿ, ತಳದ ಬಟ್ಟೆಯನ್ನು ಮಂಚದ ಅಳತೆಗಿಂತ ಒಂದು ಗೇಣು ಹೆಚ್ಚಾಗುವಂತೆ ಹರವಿ, ಅಂಗೈಯಿಂದ ನೀರು ಚಿಮುಕಿಸುತ್ತಿದ್ದರು. ಬಟ್ಟೆ ತೊಯ್ಯಬಾರದು, ತಂಪಾಗಬೇಕು, ಕೈಯಿಟ್ಟರೆ ಕೈಗೆ ನೀರು ಹತ್ತಬಾರದು. ನಡುವಿನಿಂದ ಅಂಚಿನ ಕಡೆಗೆ ಎರಡೂ ಅಂಗೈಗಳಿಂದ ಸವರುತ್ತಾ ಹೋಗಬೇಕು, ಅಂಚಿನಿಂದ ನಡುವಿಗೆ ಎಂದಿಗೂ ಸವರಬಾರದು. ಅದರ ಮೇಲೆ ಎರಡನೆಯ ಪದರ. ಮೊದಲನೆಯದರ ಹಾಸಿನ ಎಳೆ ಉದ್ದಕ್ಕಿದ್ದರೆ ಇದರದು ಅಡ್ಡಕ್ಕಿರಲಿ, ಆಗ ಎರಡೂ ಒಂದೇ ದಿಕ್ಕಿಗೆ ಜಗ್ಗುವುದಿಲ್ಲ. ಮತ್ತೆ ನೀರು, ಮತ್ತೆ ಸವರುವುದು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಇದೇ. ಒದ್ದೆಯಾದ ಹತ್ತಿ ಹತ್ತಿಯನ್ನು ಹಿಡಿದುಕೊಳ್ಳುತ್ತದೆ, ಹಾಗಾಗಿ ಪದರಗಳು ಜಾರುವುದಿಲ್ಲ. ನಾಲ್ಕು ಮೂಲೆಗೆ ನೀರು ತುಂಬಿದ ಕೊಡ, ನಡುವೆ ಒಂದು ಹಲಗೆಯ ಮೇಲೆ ಒಳಕಲ್ಲಿನ ಗುಂಡು ಇಟ್ಟು ರಾತ್ರಿ ಬಿಡಬೇಕು. ಆ ರಾತ್ರಿ ಮಕ್ಕಳನ್ನು ಪಡಸಾಲೆಗೆ ಬಿಡುತ್ತಿರಲಿಲ್ಲ, ಗಂಡಸರಿಗೂ ಹಿತ್ತಲ ಬಾಗಿಲೇ ಗತಿ.

ಬೆಳಿಗ್ಗೆ ಬಟ್ಟೆ ಪೂರ್ತಿ ಒಣಗುವ ಮುಂಚೆ, ಇನ್ನೂ ಸ್ವಲ್ಪ ತಂಪು ಉಳಿದಿರುವಾಗ ಕಚ್ಚಾ ಹೊಲಿಗೆ, ಎಂದರೆ ಕೊನೆಗೆ ಎಳೆದು ತೆಗೆಯುವ ಹೊಲಿಗೆ, ಹಾಕಬೇಕು. ನಟ್ಟನಡುವಿನಿಂದ ಆರಂಭಿಸಿ ಮೊದಲು ನಾಲ್ಕು ಮೂಲೆಗೆ, ಆಮೇಲೆ ನಾಲ್ಕು ಬದಿಯ ನಡುವಿಗೆ, ಗೇಣುದ್ದದ ಟಾಕಿ, ಎಂದರೆ ಸೂಜಿಯ ಒಂದೊಂದು ಹೊಲಿಗೆ. ಎಡಗೈ ಸದಾ ಬಟ್ಟೆಯ ಕೆಳಗಿರಲಿ, ಸೂಜಿ ಎಲ್ಲ ಪದರಗಳನ್ನು ದಾಟಿ ಬಂತೇ ಎಂಬುದನ್ನು ಬೆರಳೇ ಹೇಳುತ್ತದೆ. ಈ ಎಂಟು ಸಾಲು ಹಾಕಿದ ಮೇಲೆ ಕೌದಿಯನ್ನು ಎತ್ತಿ ಬಿಸಿಲಿಗೆ ಹಾಕಿ ಖಡಕ್ಕಾಗಿ ಒಣಗಿಸಿ. ಪದರ ಜಾರುವ ಮಾತೇ ಇಲ್ಲ. ಇಷ್ಟು ಮಾಡಲು ಬೇಸರ ಪಡುವವರು ಕೌದಿ ಹೊಲಿಯುವುದೇ ಬೇಡ.

ಮೇಲಿನ ತುಂಡುಗಳನ್ನು ಹೊಲಿಯುವ ಮುಂಚೆ ಎಲ್ಲವನ್ನೂ ಹರವಿಟ್ಟು ಬಾಗಿಲಲ್ಲಿ ನಿಂತು ನೋಡಬೇಕು. ಹತ್ತಿರದಿಂದ ನೋಡಿದರೆ ತುಂಡು ಕಾಣುತ್ತದೆ, ದೂರದಿಂದ ಕೌದಿ ಕಾಣುತ್ತದೆ. ಕಪ್ಪು-ನೀಲಿಗಳು ಒಂದೇ ಮೂಲೆಗೆ ಸೇರಿಕೊಳ್ಳದಿರಲಿ, ಅಷ್ಟು ನೋಡಿದರೆ ಸಾಕು. ಚೌಕವೆಲ್ಲ ಸಮ, ಸಾಲೆಲ್ಲ ಸಮ ಎಂದು ಅಳತೆಪಟ್ಟಿ ಹಿಡಿದು ಕೂರುವುದು ಬೇಡ, ತುಂಡು ಇದ್ದ ಆಕಾರದಲ್ಲಿಯೇ ಅದಕ್ಕೆ ಜಾಗ ಸಿಗುತ್ತದೆ. ಯಾವುದಕ್ಕೂ ಸೇರದ ಒಂದು ಬಣ್ಣ ಇದ್ದೇ ಇರುತ್ತದೆ, ಹೆಚ್ಚಾಗಿ ಅರಿಸಿನ ಹಳದಿ ಅಥವಾ ಗುಲಾಬಿ. ನನ್ನ ತಂಗಿಯ ಮೊಮ್ಮಗಳು ಅದನ್ನು ಎತ್ತಿ ಹೊರಗಿಟ್ಟು, ‘ಆಯಿ, ಇದು ಮ್ಯಾಚ್ ಆಗೂದಿಲ್ಲ’ ಎಂದಳು. ಅದನ್ನು ನಟ್ಟನಡುವೆ ಇಡದೆ ಒಂದು ಬದಿಗೆ, ಮಾಸಿದ ಬಣ್ಣಗಳ ಪಕ್ಕದಲ್ಲಿ ಇಡಿಸಿದೆ. ಆ ಹಳದಿಯಿಂದಲೇ ಪಕ್ಕದ ಮಾಸಿದ ಹಸಿರಿಗೆ ಜೀವ ಬಂತು, ಅವಳೇ ಒಪ್ಪಿಕೊಂಡಳು.

ನಿಮ್ಮ ಮನೆಯಲ್ಲಿ ಕಸೂತಿ ಹಾಕಿದ ಹಳೆಯ ಕಪ್ಪು ಚಂದ್ರಕಾಳಿ ಸೀರೆ ಸವೆದು ಕೂತಿದ್ದರೆ, ಕಸೂತಿಯ ಭಾಗವನ್ನು ಒಳಪದರಕ್ಕೆ ಹಾಕಿ ಹೂಳಬೇಡಿ. ಗೋಪುರ, ತೇರು, ತುಳಸಿ ವೃಂದಾವನ ಏನಿದೆಯೋ ಅದರ ಸುತ್ತ ನಾಲ್ಕು ಬೆರಳು ಬಟ್ಟೆ ಬಿಟ್ಟು ಕತ್ತರಿಸಿ, ತಲೆಯ ಕಡೆಗೆ ಮೇಲ್ಪದರದಲ್ಲಿ ಕೂರಿಸಿ. ಚಿತ್ರ ಬರೆದುಕೊಳ್ಳದೆ ಬಟ್ಟೆಯ ಎಳೆ ಎಣಿಸಿ ಹಾಕಿದ ಗಾವಂತಿ, ಮುರ್ಗಿ, ನೇಯ್ಗಿ, ಮೆಂಥಿ ಹೊಲಿಗೆಗಳವು. ಗಾವಂತಿಯಲ್ಲಿ ಹಿಂದೂ ಮುಂದೂ ಒಂದೇ ರೂಪ, ಹಿಂಬದಿಯಲ್ಲಿ ಗಂಟು ಇರುವುದಿಲ್ಲ. ಇಂದು ಯಂತ್ರದಲ್ಲಿ ಹಾಕಿದ್ದನ್ನು ಕಸೂತಿಯೆಂದು ಮಾರುವವರ ಬಳಿ ಬಟ್ಟೆಯನ್ನು ತಿರುವಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಕಸೂತಿಯವರ ಆ ಗಂಟಿಲ್ಲದ ಕ್ರಮವನ್ನೇ ಕೌದಿಯಲ್ಲಿಯೂ ಪಾಲಿಸಿ. ದಪ್ಪ ಹತ್ತಿ ದಾರವನ್ನು ಜೇನುಮೇಣದ ಮೇಲೆ ಎಳೆದುಕೊಂಡು, ಬೆರಳ ತುದಿಯಿಂದ ಮೊಣಕೈವರೆಗಿನ ಅಳತೆಯ ಎರಡರಷ್ಟು ಉದ್ದ ಮಾತ್ರ ತೆಗೆದುಕೊಳ್ಳಿ. ಸೂಜಿ ಪೋಣಿಸುವ ಬೇಸರಕ್ಕೆ ಮಾರುದ್ದದ ದಾರ ಹಾಕಿಕೊಂಡರೆ ಅದು ಸಿಕ್ಕಾಗುತ್ತದೆ, ಬಟ್ಟೆಯಲ್ಲಿ ಹಾದು ಹಾದು ಕೊನೆಯಲ್ಲಿ ಸವೆದು ತುಂಡಾಗುತ್ತದೆ. ದಾರದ ತುದಿಯನ್ನು ಪದರಗಳ ನಡುವೆ ನುಗ್ಗಿಸಿ, ಎರಡು ಟಾಕಿ ಹಿಂದಕ್ಕೆ ಹಾಕಿ ಮುಂದುವರಿಯಿರಿ. ಗಂಟು ಮಲಗಿದವರ ಮೈಗೆ ಚುಚ್ಚುತ್ತದೆ, ಒಗೆಯುವಾಗ ಬಟ್ಟೆಯನ್ನು ತೂತು ಮಾಡುತ್ತದೆ. ತುಂಡುಗಳ ಅಂಚನ್ನು ಅರ್ಧ ಬೆರಳಿನಷ್ಟು ಒಳಕ್ಕೆ ಮಡಚಿ ಉಗುರಿನಿಂದ ಗೆರೆ ಎಳೆದರೆ ಸಾಕು, ಇಸ್ತ್ರಿ ಬೇಡ. ಹೊಲಿಗೆ ಅಂಚಿನಿಂದ ಆರಂಭವಾಗಿ ಸುತ್ತು ಬರುತ್ತಾ ನಡುವಿಗೆ ಮುಗಿಯಲಿ, ಸಾಲಿನಿಂದ ಸಾಲಿಗೆ ಒಂದು ಬೆರಳಗಲ. ನಮ್ಮಲ್ಲಿ ನಾಲ್ಕು ಬದಿಗೆ ನಾಲ್ಕು ಮಂದಿ ಕೂರುತ್ತಿದ್ದೆವು. ಅತ್ತೆಯವರ ಟಾಕಿ ಎಳ್ಳಿನಷ್ಟು, ನೆಗೆಣ್ಣಿಯದು ಉದ್ದ, ಎದುರುಮನೆಯ ಅವ್ವನದು ಓರೆ. ಆ ಕೌದಿ ಇಂದಿಗೂ ನನ್ನ ಬಳಿ ಇದೆ, ಯಾವ ಬದಿಯಲ್ಲಿ ಯಾರು ಕೂತಿದ್ದರೆಂದು ಬೆರಳಾಡಿಸಿ ಹೇಳಬಲ್ಲೆ. ಟಾಕಿ ಸಮ ಬರಲಿಲ್ಲವೆಂದು ಬಿಚ್ಚುವ ಹುಡುಗಿಯರಿಗೆ ನಾನು ಬಿಡದೆ ಬೈಯುವುದು ಇದಕ್ಕಾಗಿಯೇ. ಕೊನೆಗೆ ಬಿಚ್ಚಿಟ್ಟ ದಡಿಯನ್ನು ಸುತ್ತಲೂ ಕೂರಿಸಿ, ಮೂಲೆಗಳಿಗೆ ಮುಕ್ಕೋನದ ತುಂಡು ಹಚ್ಚಿ, ಕಚ್ಚಾ ಹೊಲಿಗೆಯನ್ನು ಎಳೆದು ತೆಗೆಯಿರಿ.

ಕೌದಿಯ ಜಾಗ ಮಂಚ, ತೂಗುಮಂಚ, ಮರದ ಕುರ್ಚಿಯ ಬೆನ್ನು. ಅದನ್ನು ಹಾಸಿದ ಕೋಣೆಗೆ ಬೇರೆ ಅಲಂಕಾರವನ್ನು ತುಂಬಬೇಡಿ. ಗೋಡೆ ಸುಣ್ಣದ ಬಿಳಿ ಇದ್ದರೆ ಉತ್ತಮ. ನೆಲಕ್ಕೆ ನವಲಗುಂದದ ಜಮಖಾನೆ ಹಾಸಿ. ಅಲ್ಲಿಯ ಹೆಂಗಸರು ನಿಲುವು ಮಗ್ಗದ ಮೇಲೆ ನವಿಲು, ಪಗಡೆಯ ಹಾಸುಗಳನ್ನು ನೇಯುತ್ತಾರೆ, ಕೌದಿಯ ಪಕ್ಕದಲ್ಲಿ ಅವುಗಳ ಗಟ್ಟಿ ಗೆರೆಗಳು ಚೆನ್ನಾಗಿ ನಿಲ್ಲುತ್ತವೆ. ಜಮಖಾನೆಯನ್ನು ಮಡಚಿಡಬೇಡಿ, ಸುರುಳಿ ಸುತ್ತಿಡಿ. ಕಲಘಟಗಿಯ ಬಣ್ಣದ ತೊಟ್ಟಿಲು ಮನೆಯಲ್ಲಿದ್ದರೆ ಅದನ್ನು ಒಣ ಬಟ್ಟೆಯಿಂದ ಮಾತ್ರ ಒರೆಸಿ. ಅರಗಿನ ಬಣ್ಣಕ್ಕೆ ಸೋಪಿನ ನೀರು ತಾಗಿಸಬೇಡಿ.

ಕೌದಿಯನ್ನು ಮಷಿನಿಗೆ ಹಾಕಬಾರದು. ಅಂಟುವಾಳದ ನೀರಿನಲ್ಲಿ ನೆನೆಸಿ, ಕಾಲಿನಿಂದ ಮೆಲ್ಲಗೆ ತುಳಿದು, ಹಿಂಡದೆ ಕಲ್ಲಿನ ಮೇಲೆ ಮಡಚಿಟ್ಟು ನೀರು ಇಳಿಯಲು ಬಿಡಿ. ಆಮೇಲೆ ಒಳಮೈ ಮೇಲಾಗಿ ಮಾಳಿಗೆಯ ಮೇಲೆ ಹರವಿ. ಬ್ಯಾಡಗಿ ಮೆಣಸಿನಕಾಯಿ ಒಣಹಾಕಿದ ಮಾಳಿಗೆಯಾದರೆ ಮೊದಲು ಗುಡಿಸಿ ತೊಳೆದುಕೊಳ್ಳಿ, ಅದರ ಖಾರ ಕಡಿಮೆಯೆಂದು ಧೂಳು ಕಣ್ಣುರಿಸದಿರುವುದಿಲ್ಲ.

ಒಣಗಿದ ಕೌದಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬದೆ ಹಳೆಯ ಧೋತರದಲ್ಲಿ ಕಟ್ಟಿ, ನಡುನಡುವೆ ಬೇವಿನ ಒಣ ಎಲೆ ಹಾಕಿಡಿ. ಹಬ್ಬಕ್ಕೊಮ್ಮೆ ತೆಗೆದು ಮಡಿಕೆಯ ಗೆರೆ ಬದಲಿಸಿ ಮತ್ತೆ ಮಡಚಿ. ವರ್ಷಗಳು ಕಳೆದು ಒಂದು ತುಂಡು ಸವೆದು ಕೆಳಗಿನ ಪದರ ಕಂಡರೆ ಅದನ್ನು ಬಿಚ್ಚುವ ಗೋಜಿಗೆ ಹೋಗಬೇಡಿ. ಆಗ ನಿಮ್ಮ ಬಳಿ ಸವೆದಿರುವ ಸೀರೆ ಯಾವುದೋ ಅದರಿಂದ ಒಂದು ತುಂಡು ತೆಗೆದು, ಸವೆದ ಜಾಗಕ್ಕಿಂತ ಎರಡು ಬೆರಳು ದೊಡ್ಡದಾಗಿ ಕತ್ತರಿಸಿ, ಅದರ ಮೇಲೆಯೇ ಹಚ್ಚಿ ಹೊಲಿಯಿರಿ.