ತೊಂಡೆ ಮೊಗ್ಗಿನೊಳಗೆ ವೈ ಕ್ರೋಮೋಸೋಮ್ ಹುಡುಕಿದ ಬಗೆ

ತೊಂಡೆ ಬಳ್ಳಿಯಲ್ಲಿ ಗಂಡು, ಹೆಣ್ಣು ಬೇರೆ ಬೇರೆ. ಕೋಶದೊಳಗೆ ಜೀನ್‌ಗಳನ್ನು ಹೊತ್ತ ಎಳೆಗಳೇ ಕ್ರೋಮೋಸೋಮ್. ಅವುಗಳಲ್ಲಿ ಲಿಂಗ ನಿರ್ಧರಿಸುವ ಜೋಡಿ, ನಮ್ಮಲ್ಲಿ ಇರುವ ಹಾಗೇ, ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್, ಒಂದು ವೈ. ಹೂಬಿಡುವ ಗಿಡಗಳಲ್ಲಿ ಹೀಗೆ ಗಂಡು ಗಿಡ, ಹೆಣ್ಣು ಗಿಡ ಬೇರೆಯಾಗಿರುವುದು ನೂರಕ್ಕೆ ಸುಮಾರು 6 ಜಾತಿಗಳಲ್ಲಿ ಮಾತ್ರ. ಅದರಲ್ಲೂ ಮೈಕ್ರೋಸ್ಕೋಪಿನಲ್ಲಿ ನೋಡಿದ ಕೂಡಲೇ ಗುರುತು ಸಿಗುವಂಥ ವೈ ಇರುವವು ತೀರಾ ಕಡಿಮೆ. ಅಂಥದ್ದೊಂದು ನಮ್ಮ ಬೇಲಿ ಮೇಲೇ ಹಬ್ಬಿದೆ. ಹಾಗಿರುವಾಗ ಬಿ.ಎಸ್ಸಿ. ಮಕ್ಕಳಿಗೆ ಕ್ರೋಮೋಸೋಮ್ ಅಂತ ಬರೀ ಈರುಳ್ಳಿ ಬೇರು ತೋರಿಸಿ ಕಳಿಸಲು ನನಗೆ ಮನಸ್ಸು ಬರಲಿಲ್ಲ.

ಮೊದಲು ಗಂಡು ಬಳ್ಳಿ ಬೇಕು. ರೈತರ ಚಪ್ಪರದಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಅಲ್ಲಿ ಕಾಯಿ ಬಿಡುವ ಹೆಣ್ಣು ಬಳ್ಳಿಯ ತುಂಡನ್ನೇ ಕತ್ತರಿಸಿ ನೆಡುತ್ತಾರೆ. ಹಾಗಾಗಿ ಖಾಲಿ ಸೈಟು, ಹಳೇ ಬೇಲಿ ಸುತ್ತಿ ಕಾಡುತೊಂಡೆ ಹುಡುಕಿದೆ. ಎರಡೂ ಹೂವು ಬಿಳಿಯೇ. ಹೂವಿನ ಹಿಂದೆ ಪುಟ್ಟ ತೊಂಡೆಕಾಯಿ ಅಂಟಿಕೊಂಡಿದ್ದರೆ ಹೆಣ್ಣು, ಬರೀ ತೊಟ್ಟಿದ್ದರೆ ಗಂಡು.

ಎಳೇ ಮೊಗ್ಗುಗಳೇ ಆಗಬೇಕು. ಮೊಗ್ಗು ಬಲಿತರೆ ಒಳಗೆ ಪರಾಗ ಆಗಲೇ ಕಟ್ಟಿರುತ್ತದೆ, ಕ್ರೋಮೋಸೋಮ್ ಎದ್ದು ಕಾಣುವ, ನಮಗೆ ಬೇಕಾದ ಕೋಶ ವಿಭಜನೆ ಮುಗಿದುಹೋಗಿರುತ್ತದೆ. ಬೆಳಿಗ್ಗೆ ಬೇರೆ ಬೇರೆ ಅಳತೆಯ ಮೊಗ್ಗು ಕಿತ್ತು, ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸೆಟಿಕ್ ಆಸಿಡ್ ಬೆರೆಸಿದ ದ್ರಾವಣದಲ್ಲಿ ರಾತ್ರಿಯಿಡೀ ಬಿಟ್ಟೆ. ಆಮೇಲೆ ಪರಾಗಕೋಶ ಬಿಡಿಸಿ ಸ್ಲೈಡಿನ ಮೇಲಿಟ್ಟು, ಕ್ರೋಮೋಸೋಮಿಗೆ ಬಣ್ಣ ಹಿಡಿಸುವ ಅಸಿಟೋಕಾರ್ಮಿನ್ ಒಂದು ಹನಿ ಬಿಟ್ಟು, ಕಬ್ಬಿಣದ ಸೂಜಿಯಿಂದ ಜಜ್ಜಿದೆ. ಸೂಜಿ ಕಬ್ಬಿಣದ್ದೇ ಇರಲಿ. ಅದರ ಕಬ್ಬಿಣದ ಅಂಶ ಸೇರಿದರೆ ಬಣ್ಣ ಗಾಢವಾಗಿ ಹಿಡಿಯುತ್ತದೆ. ಚೂರುಪಾರು ತೆಗೆದು, ಕವರ್‌ಸ್ಲಿಪ್ ಹಾಕಿ, ಸ್ಪಿರಿಟ್ ದೀಪದ ಮೇಲೆ ಹಗುರವಾಗಿ ಆಡಿಸಿ, ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರ ಒತ್ತಬೇಕು. ಪಕ್ಕಕ್ಕೆ ಜಾರಿದರೆ ಕೋಶಗಳೆಲ್ಲ ಉರುಳಿ ಕೆಡುತ್ತವೆ.

ತೊಂಡೆಯಲ್ಲಿ ಒಟ್ಟು 24 ಕ್ರೋಮೋಸೋಮ್, ಅಂದರೆ 12 ಜೋಡಿ. ಸರಿಯಾದ ಹಂತದ ಕೋಶ ಸಿಕ್ಕಾಗ 11 ಜೋಡಿ ಸಣ್ಣ ಚುಕ್ಕೆಗಳ ಹಾಗೆ ಕಂಡವು. ಒಂದು ಜೋಡಿ ಮಾತ್ರ ಬೇರೆಯೇ. ಒಂದು ಕಡೆ ಚಿಕ್ಕದು, ಇನ್ನೊಂದು ಕಡೆ ಉದ್ದನೆಯದು, ಎರಡೂ ತುದಿಗೆ ತುದಿ ಮುಟ್ಟಿಕೊಂಡಿದ್ದವು. "ಸರ್, ಬಣ್ಣದ ಗಸಿ ಕೂತಿರಬೇಕು" ಎಂದಳು ಒಬ್ಬ ವಿದ್ಯಾರ್ಥಿನಿ. ಗಸಿಯಲ್ಲ, ಆ ಉದ್ದನೆಯದೇ ವೈ. ಪಕ್ಕದ ಕೋಶ ನೋಡಮ್ಮ ಎಂದೆ. ಅಲ್ಲೂ ಅದೇ ಆಕಾರ. ಆಮೇಲೆ ಅವಳು ಮೈಕ್ರೋಸ್ಕೋಪ್ ಬಿಟ್ಟು ಏಳಲಿಲ್ಲ.

ವೈ ಅಂದರೆ ಸಣ್ಣದು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ, ಅಲ್ವಾ? ಮನುಷ್ಯನದು ಹಳೆಯದು, ಸವೆದು ಚಿಕ್ಕದಾಗಿದೆ. ತೊಂಡೆಯದು ಸುಮಾರು 30 ಲಕ್ಷ ವರ್ಷದ ಎಳೆಯದು ಎಂದು 2013ರಲ್ಲಿ ಮ್ಯೂನಿಕ್‌ನ ಸಂಶೋಧಕರು ಅಂದಾಜಿಸಿದರು. ಗಂಡು ಬಳ್ಳಿಯ ಕೋಶದಲ್ಲಿ ಹೆಣ್ಣಿಗಿಂತ ಸುಮಾರು 10% ಡಿಎನ್ಎ ಜಾಸ್ತಿ ಎಂಬುದನ್ನೂ ಅವರು ಅಳೆದರು. ವೈ ಹೀಗೆ ದೊಡ್ಡದಾಗುವುದರ ಹಿಂದಿನ ತರ್ಕ ಚೆನ್ನಾಗಿದೆ. ಜೀವವಿಕಾಸ ವಿಜ್ಞಾನಿಗಳಾದ ಬ್ರಯನ್ ಮತ್ತು ಡೆಬೊರಾ ಚಾರ್ಲ್ಸ್‌ವರ್ತ್ 1978ರಲ್ಲಿ ಹೇಳಿದ ಪ್ರಕಾರ, ಎರಡೂ ಲಿಂಗದ ಹೂವಿದ್ದ ಗಿಡದಲ್ಲಿ ಮೊದಲು ಜೀನ್‌ನ ಒಂದು ಬದಲಾವಣೆ ಪರಾಗ ಕೊಡುವ ಕೇಸರವನ್ನು ಕೆಡಿಸುತ್ತದೆ. ಆ ಗಿಡ ಹೆಣ್ಣಾಗುತ್ತದೆ. ಇನ್ನೊಂದು ಬದಲಾವಣೆ ಅಂಡಾಶಯವನ್ನು ತಡೆಯುತ್ತದೆ. ಆ ಗಿಡ ಗಂಡಾಗುತ್ತದೆ. ಈ ಎರಡು ಜಾಗಗಳು ಕಲಸಿಹೋದರೆ ಏನೂ ಬಿಡದ ಬಂಜೆ ಗಿಡ ಹುಟ್ಟಬಹುದು. ಹಾಗಾಗಿ ಆ ಭಾಗದಲ್ಲಿ ಎಕ್ಸ್, ವೈ ನಡುವೆ ಡಿಎನ್ಎ ಭಾಗಗಳ ಕೊಡುಕೊಳ್ಳುವಿಕೆ ನಿಂತುಹೋಗುತ್ತದೆ. ಅಲ್ಲಿಂದ ವೈ ಯಾರೂ ಗುಡಿಸದ ಅಟ್ಟದ ಹಾಗೆ. ಮತ್ತೆ ಮತ್ತೆ ನಕಲಾಗುವ ಡಿಎನ್ಎ ತುಣುಕುಗಳು ಬಂದು ತುಂಬಿಕೊಳ್ಳುತ್ತವೆ. ನಾವು ಸ್ಲೈಡಿನಲ್ಲಿ ಕಂಡ ಆ ಉದ್ದ ಬಹುಪಾಲು ಇದರದ್ದೇ.

ಹೆಣ್ಣು ಬಳ್ಳಿಗೆ ಸಿಲ್ವರ್ ನೈಟ್ರೇಟ್ ಸಿಂಪಡಿಸಿದರೆ ಹೂವಿನಲ್ಲಿ ಕೇಸರ ಮೂಡುತ್ತದೆ ಎಂದು ನಮ್ಮ ದೇಶದ ಸಂಶೋಧಕರೇ ತೋರಿಸಿದ್ದಾರೆ. ಅಂದರೆ ಕೇಸರ ಕಟ್ಟುವ ಜೀನ್‌ಗಳು ಹೆಣ್ಣಿನಲ್ಲೂ ಸುಮ್ನೆ ಕೂತಿವೆ. ಈಗ ನಮ್ಮ ಹಿತ್ತಲಿನ ಹೆಣ್ಣು ಬಳ್ಳಿಯ ಒಂದು ಕವಲಿಗೆ ಅದನ್ನೇ ಸಿಂಪಡಿಸುತ್ತಿದ್ದೇನೆ, ಹೋಲಿಸಿ ನೋಡಲು ಇನ್ನೊಂದು ಕವಲಿಗೆ ಬರೀ ನೀರು. ನೀವೂ ಮಾಡುವುದಾದರೆ ಕೈಗೆ ಗ್ಲೌಸ್ ಹಾಕಿಕೊಳ್ಳಿ, ಅದರ ಕಪ್ಪು ಕಲೆ ಬೇಗ ಹೋಗುವುದಿಲ್ಲ.