ಕಾಪಿರೈಟ್ ಮುಗಿದ ಪುಸ್ತಕ ಹುಡುಕುವುದು ಹೇಗೆ?

ಪುಸ್ತಕದ ಹೆಸರಿನ ಮುಂದೆ ‘ಫ್ರೀ ಪಿಡಿಎಫ್’ ಅಂತ ಸೇರಿಸಿ ಗೂಗಲ್ ಮಾಡಬೇಡಿ. ಜಾಸ್ತಿ ಜನ ಎಡವುವುದು ಅಲ್ಲೇ. ತೆರೆದ ಪುಟದ ತುಂಬ ಡೌನ್‌ಲೋಡ್ ಬಟನ್‌ಗಳು, ಅದರಲ್ಲಿ ಅರ್ಧಕ್ಕರ್ಧ ಜಾಹೀರಾತು. ಕಾರ್ಡ್ ನಂಬರ್ ಕೇಳಿದರೆ ಸುಮ್ನೆ ಮುಚ್ಚಿಬಿಡಿ.

1. ನೇರವಾಗಿ ಉಚಿತ ಇ-ಪುಸ್ತಕಗಳ ತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ಗೆ ಹೋಗಿ. 1971ರಲ್ಲಿ ಶುರುವಾದದ್ದು, 70,000ಕ್ಕೂ ಹೆಚ್ಚು ಪುಸ್ತಕಗಳಿವೆ. ಖಾತೆ ತೆರೆಯುವ ಗೋಜಿಲ್ಲ.

2. ಅಲ್ಲಿಲ್ಲದಿದ್ದರೆ ಇಂಟರ್ನೆಟ್ ಆರ್ಕೈವ್ ಎಂಬ ಡಿಜಿಟಲ್ ಗ್ರಂಥಾಲಯ ನೋಡಿ. ಕನ್ನಡದ ಹಳೆಯ ಪುಸ್ತಕಗಳಿಗಂತೂ ಇದು ಮತ್ತು ವಿಕಿಪೀಡಿಯದ ಸೋದರ ತಾಣವಾದ ಕನ್ನಡ ವಿಕಿಸೋರ್ಸ್.

3. ಸಿಕ್ಕಿದ ಪ್ರತಿಯ ಕಾಪಿರೈಟ್ ನಿಜವಾಗಿ ಮುಗಿದಿದೆಯೇ ನೋಡಿ. ಇದನ್ನು ಯಾರೂ ಮಾಡುವುದಿಲ್ಲ. ಆರ್ಕೈವ್‌ನಲ್ಲಿ ಇದೆ ಅಂದಮಾತ್ರಕ್ಕೆ ಮುಕ್ತ ಅಂತಲ್ಲ. ಯಾರು ಬೇಕಾದರೂ ಅಲ್ಲಿ ಫೈಲ್ ಏರಿಸಬಹುದು. ‘ಬಾರೋ’ (Borrow) ಬಟನ್ ಇದ್ದರೆ ಅದು ಎರವಲು, ಅವಧಿ ಮುಗಿದ ಮೇಲೆ ತೆರೆಯುವುದಿಲ್ಲ.

ಕಾಪಿರೈಟ್ ಲೆಕ್ಕ ದೇಶಕ್ಕೊಂದು ಥರ. ಭಾರತದಲ್ಲಿ ಸಾಮಾನ್ಯವಾಗಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ, ಅದೂ ಮರುವರ್ಷದ ಜನವರಿ 1ರಿಂದ ಎಣಿಸಬೇಕು. 1960ರಲ್ಲಿ ತೀರಿಕೊಂಡವರ ಬರಹ ಮುಕ್ತವಾದದ್ದು 2021ರ ಜನವರಿ 1ಕ್ಕೆ. ಯುರೋಪಿನ ಒಕ್ಕೂಟದಲ್ಲಿ 70 ವರ್ಷ. ಅಮೆರಿಕದಲ್ಲಿ ಹಳೆಯ ಪುಸ್ತಕಗಳಿಗೆ ಪ್ರಕಟವಾದಾಗಿನಿಂದ ಹೆಚ್ಚೆಂದರೆ 95. ಗುಟೆನ್‌ಬರ್ಗ್ ನೋಡುವುದು ಅಮೆರಿಕದ ಕಾನೂನನ್ನು ಮಾತ್ರ. ನಿಮ್ಮ ದೇಶದ ಲೆಕ್ಕ ನೀವೇ ಹಾಕಬೇಕು.

ಅನುವಾದದಲ್ಲಂತೂ ಎಲ್ಲರೂ ಮೋಸ ಹೋಗುತ್ತಾರೆ. ಮೂಲ ಲೇಖಕರು ನೂರು ವರ್ಷದ ಹಿಂದೆ ತೀರಿಕೊಂಡಿರಬಹುದು, ಆದರೆ ಅನುವಾದಕರ ಹಕ್ಕು ಬೇರೆ. ಹೊಸ ಮುನ್ನುಡಿ, ಟಿಪ್ಪಣಿ, ಚಿತ್ರಗಳದ್ದೂ ಅಷ್ಟೇ. ಅದಕ್ಕೇ ಮುಖಪುಟ ನೋಡಿ ನಂಬಬೇಡಿ, ಒಳಗಿನ ಶೀರ್ಷಿಕೆ ಪುಟವನ್ನೂ ಅದರ ಹಿಂಬದಿಯನ್ನೂ ಓದಿ.

4. ಮೊಬೈಲ್‌ನಲ್ಲಿ ಓದುವುದಾದರೆ ಇಪಬ್ (EPUB, ಪರದೆಯ ಅಳತೆಗೆ ಅಕ್ಷರ ಹೊಂದಿಕೊಳ್ಳುವ ಫೈಲ್) ಇಳಿಸಿಕೊಳ್ಳಿ. ಅಷ್ಟು ಚಿಕ್ಕ ಪರದೆಯಲ್ಲಿ ಪಿಡಿಎಫ್ ಓದುವುದು ಕಣ್ಣಿಗೆ ಶಿಕ್ಷೆ. ಆದರೆ ಆರ್ಕೈವ್‌ನ ಇಪಬ್ ಸಾಮಾನ್ಯವಾಗಿ ಯಂತ್ರವೇ ಅಕ್ಷರ ಗುರುತಿಸಿ ಮಾಡಿದ್ದು. ಕನ್ನಡದ ಒತ್ತಕ್ಷರ ಸಿಕ್ಕಿದಾಗ ಅದು ಕಲಸುಮೇಲೋಗರ ಮಾಡಿಬಿಡುತ್ತದೆ. ಅಲ್ಲಿ ಸ್ಕ್ಯಾನ್ ಮಾಡಿದ ಪುಟಗಳನ್ನೇ ನೋಡಿ. ಇಂಗ್ಲಿಷ್ ಪುಸ್ತಕ ಸ್ಟ್ಯಾಂಡರ್ಡ್ ಇಬುಕ್ಸ್ ಎಂಬ ಉಚಿತ ತಾಣದಲ್ಲಿದ್ದರೆ ಬೇರೆಲ್ಲೂ ಹೋಗಬೇಡಿ. ಅಷ್ಟು ಚೆನ್ನಾಗಿ ತಿದ್ದಿರುತ್ತಾರೆ.

ಕನ್ನಡ ಹೆಸರು ಹಾಕಿದರೆ ಏನೂ ಬರಲಿಲ್ವಾ? ಇಂಗ್ಲಿಷ್ ಅಕ್ಷರದಲ್ಲಿ ಬರೆದು ನೋಡಿ. ಏರಿಸಿದವರು ತಮಗೆ ತೋಚಿದ ಹಾಗೆ ಬರೆದಿರುತ್ತಾರೆ. ಒಂದು ‘ಎ’ ಹೆಚ್ಚು ಕಡಿಮೆಯಾದರೂ ಸಿಗುವುದಿಲ್ಲ. ಲೇಖಕರ ಹೆಸರಿನಿಂದ ಹುಡುಕಿದರೆ ಬೇಗ ಸಿಗುತ್ತದೆ.